ರೀಪ್ಲೇ ಬರುವ ಮುನ್ನ ಏನು ನೋಡಬೇಕು? ವಿಎಆರ್ ತೀರ್ಪನ್ನು ಹಂತಹಂತವಾಗಿ ಅರ್ಥಮಾಡಿಕೊಳ್ಳುವ ಬಗೆ

ಗೋಲು ಬಿತ್ತೆಂದು ಎದ್ದು ಕುಣಿದವರು ಉಸಿರು ಬಿಗಿಹಿಡಿದು ಎರಡು ನಿಮಿಷ ಕಾದು, ಕೊನೆಗೆ ಗೋಲಿಲ್ಲ ಎಂದು ತಿಳಿದು ಕುಸಿದು ಕೂರುವುದು ಇವತ್ತು ಫುಟ್‌ಬಾಲ್ ನೋಡುವ ಎಲ್ಲರಿಗೂ ಗೊತ್ತಿರುವ ಸಂಕಟ. ಆಮೇಲೆ ವಾದ ಶುರುವಾಗುತ್ತದೆ. "ಅದು ಫೌಲೋ ಅಲ್ಲವೋ?" ಎಂಬುದೇ ಎಲ್ಲರ ಪ್ರಶ್ನೆ. ವಿಡಿಯೊ ಕೊಠಡಿಯಲ್ಲಿ ಕೂತ ವಿಎಆರ್, ಅಂದರೆ ವಿಡಿಯೊ ಅಸಿಸ್ಟೆಂಟ್ ರೆಫರಿ ಕೇಳಿಕೊಳ್ಳುವ ಪ್ರಶ್ನೆ ಬೇರೆ: "ಮೈದಾನದಲ್ಲಿ ರೆಫರಿ ಕೊಟ್ಟ ತೀರ್ಪು ಎದ್ದು ಕಾಣುವಷ್ಟು ತಪ್ಪೇ?" ನಾವು ಒಂದು ಪ್ರಶ್ನೆ ಹಿಡಿದು ಕೂತಿರುತ್ತೇವೆ, ಅವರು ಇನ್ನೊಂದಕ್ಕೆ ಉತ್ತರ ಕೊಡುತ್ತಿರುತ್ತಾರೆ. ಒಂದೇ ಬಗೆಯ ಟ್ಯಾಕಲ್‌ಗೆ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಯತ್ನಕ್ಕೆ, ಒಂದು ಪಂದ್ಯದಲ್ಲಿ ಪೆನಾಲ್ಟಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದಾಗ ನಮಗೆ ಮೋಸವಾದಂತೆ ಅನ್ನಿಸುವುದಕ್ಕೆ ದೊಡ್ಡ ಕಾರಣ ಇದೇ.

ನಾನು ರೆಫರಿಯಲ್ಲ. ಆದರೆ ಈ ಆಟವನ್ನು ಮನಸಾರೆ ಪ್ರೀತಿಸುವವನು. ತೀರ್ಪುಗಳ ಬಗ್ಗೆ ಸಿಟ್ಟು ಮಾಡಿಕೊಂಡು ಮಾಡಿಕೊಂಡು ಸಾಕಾಗಿ, ನಿಯಮಪುಸ್ತಕ ತೆರೆದು ಕೂತವನು. ಪಂದ್ಯ ನೋಡುವಾಗ ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಈ ವ್ಯವಸ್ಥೆ ಯಾಕೆ ಬಂತು ಎಂಬುದು ಮೊದಲು ನೆನಪಿರಲಿ. 2010ರ ಜೂನ್ 27ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು, ಗೆರೆಯಿಂದ ಸಾಕಷ್ಟು ಒಳಗೆ ಬಿದ್ದು, ಪುಟಿದು ಹೊರಬಂತು. ಟಿವಿ ಮುಂದೆ ಕೂತ ಜಗತ್ತೆಲ್ಲ ನೋಡಿತು. ತೀರ್ಪು ಕೊಡಬೇಕಾದವರಿಗೆ ಮಾತ್ರ ಕಾಣಲಿಲ್ಲ. ಅದೇ ದಿನ ಜೊಹಾನ್ಸ್‌ಬರ್ಗ್‌ನಲ್ಲಿ ಮೆಕ್ಸಿಕೊ ವಿರುದ್ಧ ಅರ್ಜೆಂಟೀನಾದ ಕಾರ್ಲೋಸ್ ಟೆವೆಜ್ ಆಫ್‌ಸೈಡ್‌ನಲ್ಲಿ, ಅಂದರೆ ಎದುರಾಳಿ ಆಟಗಾರರನ್ನು ದಾಟಿ ನಿಯಮ ಒಪ್ಪದಷ್ಟು ಮುಂದೆ ನಿಂತು ಹೊಡೆದ ಗೋಲು ಉಳಿದುಕೊಂಡಿತು. ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ರೀಪ್ಲೇ ಬಂದು, ತಪ್ಪಾಗಿದೆ ಎಂದು ಎಲ್ಲರಿಗೂ ಗೊತ್ತಾದರೂ ಅದನ್ನು ಬಳಸಲು ನಿಯಮದಲ್ಲಿ ಅವಕಾಶ ಇರಲಿಲ್ಲ. 2012ರಲ್ಲಿ, ಚೆಂಡು ಗೋಲಿನ ಗೆರೆ ದಾಟಿತೇ ಎಂದು ಹೇಳುವ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ವಿಎಆರ್ ಆಟದ ನಿಯಮಗಳ ಭಾಗವಾಯಿತು, ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಬಳಕೆಗೂ ಬಂತು.

ಹೆಜ್ಜೆ 1: ಮೊದಲ ತೀರ್ಪು ಏನೆಂದು ಗುರುತಿಟ್ಟುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಬಹುತೇಕರು ಬಿಟ್ಟುಬಿಡುವುದೂ ಇದನ್ನೇ. ಡಿಕ್ಕಿಯಾದ ಕೂಡಲೇ ನಮ್ಮ ಕಣ್ಣು ನೆಲಕ್ಕೆ ಬಿದ್ದ ಆಟಗಾರನ ಮೇಲೆ ಇರುತ್ತದೆ. ಅದನ್ನು ಅಲ್ಲಿಂದ ಕಿತ್ತು ರೆಫರಿಯತ್ತ ತಿರುಗಿಸಿ. ಸೀಟಿ ಊದಿದರೇ? ಕೈ ಎತ್ತ ತೋರಿತು, ಪೆನಾಲ್ಟಿ ಗುರುತಿನ ಕಡೆಗೋ, ಆಟ ಮುಂದುವರಿಸಿ ಎಂದೋ? ಪಕ್ಕದ ಗೆರೆಯಲ್ಲಿರುವ ಸಹಾಯಕ ರೆಫರಿಯ ಬಾವುಟ ಮೇಲೆದ್ದಿತೇ?

ಮೈದಾನದ ರೆಫರಿ ಏನನ್ನೂ ತೀರ್ಮಾನಿಸದೆ "ವಿಡಿಯೊ ನೋಡಿ ಹೇಳುತ್ತೇನೆ" ಎನ್ನುವಂತಿಲ್ಲ. ಮೊದಲು ಒಂದು ತೀರ್ಪು ಕೊಡಲೇಬೇಕು. ಆಟ ಮುಂದುವರಿಯಲು ಬಿಡುವುದೂ ಒಂದು ತೀರ್ಪೇ. ಎದ್ದು ಕಾಣುವ ತಪ್ಪು ಸಿಗದಿದ್ದರೆ ಆ ಮೊದಲ ತೀರ್ಪು ನಿಲ್ಲುತ್ತದೆ. ಆದ್ದರಿಂದ ಎರಡೂ ಕಡೆಗೆ ವಾದ ಮಾಡಬಹುದಾದ ಘಟನೆಯಲ್ಲಿ ರೆಫರಿ ಪೆನಾಲ್ಟಿ ಕೊಟ್ಟಿದ್ದರೆ ಅದೇ ಉಳಿಯುತ್ತದೆ, ಕೊಡದಿದ್ದರೆ ಕೊಡದಿದ್ದುದೇ ಉಳಿಯುತ್ತದೆ. ಒಂದೇ ಬಗೆಯ ಎರಡು ಘಟನೆಗಳಿಗೆ ಎರಡು ಉತ್ತರ ಬರುವುದು ಹೀಗೆ.

ಸ್ವತಃ ವಿಎಆರ್ ಈ ಹೆಜ್ಜೆಯಲ್ಲಿ ಎಡವಿದರೆ ಏನಾಗುತ್ತದೆ ಎಂಬುದನ್ನು 2023ರ ಸೆಪ್ಟೆಂಬರ್ 30ರ ಟಾಟನ್‌ಹ್ಯಾಮ್–ಲಿವರ್‌ಪೂಲ್ ಪಂದ್ಯ ತೋರಿಸಿತು. ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು. ವಿಡಿಯೊ ಕೊಠಡಿಯವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದರು. ಡಿಯಾಜ್ ಆಫ್‌ಸೈಡ್ ಅಲ್ಲ ಎಂಬುದು ಅವರಿಗೆ ಸರಿಯಾಗಿಯೇ ಕಂಡಿತು. "ಪರಿಶೀಲನೆ ಮುಗಿಯಿತು" ಎಂದರು. ಮೈದಾನದಲ್ಲಿ ಅದು ಆಫ್‌ಸೈಡ್ ಸರಿ ಎಂದೇ ಕೇಳಿಸಿತು. ಆಟ ಮತ್ತೆ ಶುರುವಾಗಿಬಿಟ್ಟಿತು, ನ್ಯಾಯವಾಗಿ ಬಂದ ಗೋಲು ಹೋಯಿತು. ಲಿವರ್‌ಪೂಲ್ 2–1ರಿಂದ ಸೋತಿತು. ಕ್ಯಾಮೆರಾ, ಗೆರೆ, ಚಿತ್ರ ಯಾವುದರಲ್ಲೂ ದೋಷ ಇರಲಿಲ್ಲ. ಮೊದಲ ತೀರ್ಪು ಏನೆಂಬ ಒಂದು ಸಂಗತಿ ತಪ್ಪಿತ್ತು, ಅಷ್ಟೇ.

ಜೊತೆಗೆ ಒಂದು ಮಾತು: ಆಫ್‌ಸೈಡ್ ಸಂಶಯವಿದ್ದು ಗೋಲಾಗುವ ಅವಕಾಶ ಎದುರಿಗಿದ್ದರೆ ಸಹಾಯಕ ರೆಫರಿ ಬಾವುಟವನ್ನು ಬೇಕೆಂದೇ ತಡಮಾಡಿ ಎತ್ತುತ್ತಾರೆ. ಬೇಗ ಎತ್ತಿ ಆಟ ನಿಂತರೆ, ಅದು ತಪ್ಪೆಂದು ಆಮೇಲೆ ಗೊತ್ತಾದರೂ ಆ ಗೋಲನ್ನು ಮರಳಿ ಕೊಡಲು ಆಗುವುದಿಲ್ಲ. ತಡವಾಗಿ ಎತ್ತಿದ್ದಕ್ಕೆ ಅವರನ್ನು ಬೈಯಬೇಡಿ.

ಹೆಜ್ಜೆ 2: ಘಟನೆ ವಿಎಆರ್ ಪಟ್ಟಿಯಲ್ಲಿದೆಯೇ?

2018ರಲ್ಲಿ ನಿಯಮ ಬಂದಾಗ ಪಟ್ಟಿಯಲ್ಲಿ ಇದ್ದದ್ದು ನಾಲ್ಕು ಸಂಗತಿ: ಗೋಲು ಆಯಿತೇ ಇಲ್ಲವೇ, ಪೆನಾಲ್ಟಿ ಹೌದೇ ಅಲ್ಲವೇ, ನೇರ ರೆಡ್ ಕಾರ್ಡ್, ಮತ್ತು ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ ಪ್ರಸಂಗ. ಮೈದಾನದ ನಡುವಿನ ಫ್ರೀಕಿಕ್, ಥ್ರೋ ಇನ್, ಸಾಮಾನ್ಯ ಹಳದಿ ಕಾರ್ಡ್ ಇವೆಲ್ಲ ಹೊರಗೆ. ನಿಯಮ ರೂಪಿಸುವ ಇಂಟರ್‌ನ್ಯಾಷನಲ್ ಫುಟ್‌ಬಾಲ್ ಅಸೋಸಿಯೇಷನ್ ಬೋರ್ಡ್ 1886ರಿಂದ ಇದೆ. ಅದು ವರ್ಷಕ್ಕೊಮ್ಮೆ ಸಭೆ ಸೇರಿ ತಿದ್ದುಪಡಿ ಮಾಡುತ್ತದೆ, ತಿದ್ದುಪಡಿಗಳು ಸಾಮಾನ್ಯವಾಗಿ ಜುಲೈ 1ರಿಂದ ಜಾರಿಯಾಗುತ್ತವೆ. ಹಾಗಾಗಿ ದೊಡ್ಡ ಟೂರ್ನಿ ಶುರುವಾಗುವ ಮುನ್ನ ಆ ವರ್ಷದ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಿ. ಹತ್ತು ನಿಮಿಷದ ಕೆಲಸ, ಇಡೀ ಟೂರ್ನಿಗೆ ಉಪಯೋಗ.

ಗೋಲಿನ ಪರಿಶೀಲನೆ ಎಂದರೆ ಚೆಂಡು ಬಲೆಗೆ ಬಿದ್ದ ಕ್ಷಣವನ್ನು ಮಾತ್ರ ನೋಡುವುದಲ್ಲ. ಆ ದಾಳಿ ಶುರುವಾದಲ್ಲಿಂದ ದಾಳಿ ಮಾಡಿದ ತಂಡ ಫೌಲ್ ಮಾಡಿತೇ, ಆಫ್‌ಸೈಡ್ ಇತ್ತೇ, ಚೆಂಡು ಹೊರಹೋಗಿತ್ತೇ ಎಂದು ಹಿಂದಕ್ಕೆ ಹೋಗಿ ನೋಡುತ್ತಾರೆ. ಗೋಲು ಹೊಡೆದವನ ತಪ್ಪೇನೂ ಇಲ್ಲದೆ ಗೋಲು ರದ್ದಾದಾಗ, ಹದಿನೈದು ಸೆಕೆಂಡು ಹಿಂದೆ ಚೆಂಡು ಕಸಿದುಕೊಂಡ ಜಾಗವನ್ನು ನೆನಪಿಸಿಕೊಳ್ಳಿ, ಉತ್ತರ ಅಲ್ಲಿರಬಹುದು.

ಹೆಜ್ಜೆ 3: ಅಳತೆಯ ಪ್ರಶ್ನೆಯೋ, ವಿವೇಚನೆಯ ಪ್ರಶ್ನೆಯೋ?

ಚೆಂಡು ಗೆರೆ ದಾಟಿತೇ, ಫೌಲ್ ನಡೆದದ್ದು ಪೆನಾಲ್ಟಿ ಆವರಣದ ಒಳಗೋ ಹೊರಗೋ, ಆಟಗಾರ ಆಫ್‌ಸೈಡ್ ಜಾಗದಲ್ಲಿದ್ದನೇ ಎಂಬುವು ಅಳತೆಯ ಪ್ರಶ್ನೆಗಳು. ಇಲ್ಲಿ ವಿಎಆರ್ ಕಿವಿಯಲ್ಲಿ ಹೇಳಿದರೆ ಸಾಕು, ರೆಫರಿ ಸಾಮಾನ್ಯವಾಗಿ ಪರದೆ ನೋಡಲು ಹೋಗುವುದಿಲ್ಲ. ಟ್ಯಾಕಲ್ ಎಷ್ಟು ಬಿರುಸಾಗಿತ್ತು, ಕೈ ಸಹಜವಾಗಿ ಅಲ್ಲಿತ್ತೇ, ಆಫ್‌ಸೈಡ್‌ನಲ್ಲಿದ್ದವನು ಗೋಲ್‌ಕೀಪರನ ನೋಟಕ್ಕೆ ಅಡ್ಡ ಬಂದನೇ ಎಂಬುವು ವಿವೇಚನೆಯವು. ಇವುಗಳಿಗೆ ರೆಫರಿ ಮೈದಾನದ ಅಂಚಿನ ಪರದೆಯ ಬಳಿ ಓಡುತ್ತಾರೆ.

ಮೊದಲನೆಯ ಬಗೆಯಲ್ಲಿ "ಸ್ವಲ್ಪವೇ ತಾನೇ" ಎಂಬ ವಾದಕ್ಕೆ ಜಾಗವಿಲ್ಲ. ಎರಡನೆಯದರಲ್ಲಿ ಇಬ್ಬರು ಒಳ್ಳೆಯ ರೆಫರಿಗಳೇ ಭಿನ್ನವಾಗಿ ಯೋಚಿಸಬಹುದು. ಅಂಥ ಕಡೆ ವಿಎಆರ್ ಸುಮ್ಮನಿರಬೇಕು ಎಂಬುದೇ ನಿಯಮದ ಆಶಯ.

ಹೆಜ್ಜೆ 4: ವೇಗ ಮತ್ತು ಕೋನವನ್ನು ನಂಬುವ ಮುನ್ನ ಪರೀಕ್ಷಿಸಿ

ಟಿವಿಯಲ್ಲಿ ಬರುವ ಮೊದಲ ರೀಪ್ಲೇ ಸಾಮಾನ್ಯವಾಗಿ ನಿಧಾನಗತಿಯದು. ಅದು ನಮ್ಮ ತೀರ್ಮಾನವನ್ನು ಬಹಳ ಮಟ್ಟಿಗೆ ಕೆಡಿಸುತ್ತದೆ. ನಿಧಾನಗತಿಯಲ್ಲಿ ಪ್ರತಿ ಸ್ಪರ್ಶವೂ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಅರೆಗಳಿಗೆಯಲ್ಲಿ ಮುಗಿದ ಚಲನೆಗೆ ನಾಲ್ಕು ಸೆಕೆಂಡಿನ ಆಯುಷ್ಯ ಸಿಕ್ಕಾಗ, ಆಟಗಾರನಿಗೆ ಯೋಚಿಸಲು ಅಷ್ಟು ಹೊತ್ತು ಇತ್ತು ಎಂದು ನಮಗೆ ಅನ್ನಿಸಿಬಿಡುತ್ತದೆ. ನಿಂತ ಚಿತ್ರವಂತೂ ಇನ್ನೂ ಅಪಾಯಕಾರಿ. ಬೂಟು ಕಾಲಗಂಟಿನ ಮೇಲಿರುವ ಒಂದು ಚಿತ್ರ ಸಾಕು, ಜಾರಿ ತಗುಲಿದ್ದೂ ಕ್ರೂರ ಏಟಿನಂತೆ ಕಾಣುತ್ತದೆ.

ನಿಯಮವೇ ಇದಕ್ಕೆ ದಾರಿ ತೋರಿಸಿದೆ. ಎಲ್ಲಿ ತಗುಲಿತು, ಗೆರೆ ದಾಟಿತೇ ಎಂಬುದಕ್ಕೆ ನಿಧಾನಗತಿ. ಎಷ್ಟು ಬಲವಾಗಿತ್ತು, ಹ್ಯಾಂಡ್‌ಬಾಲ್ ಅಪರಾಧವೇ ಎಂಬುದಕ್ಕೆ ಸಹಜ ವೇಗ. ನಾನು ಮಾಡುವುದು ಹೀಗೆ: ಮೊದಲು ಸಹಜ ವೇಗದಲ್ಲಿ ಒಮ್ಮೆ, ತಗುಲಿದ ಜಾಗ ತಿಳಿಯಲು ನಿಧಾನವಾಗಿ ಒಮ್ಮೆ, ಮತ್ತೆ ಸಹಜ ವೇಗದಲ್ಲಿ ಒಮ್ಮೆ. ಆ ಮೂರನೆಯ ನೋಟವಾದ ಮೇಲೆ ಅಭಿಪ್ರಾಯ ಹೇಳುತ್ತೇನೆ.

ಕೋನದ ವಿಷಯಕ್ಕೆ 2022ರ ಡಿಸೆಂಬರ್ 1ರ ಜಪಾನ್–ಸ್ಪೇನ್ ವಿಶ್ವಕಪ್ ಪಂದ್ಯಕ್ಕಿಂತ ಒಳ್ಳೆಯ ಪಾಠವಿಲ್ಲ. ಹೊರಹೋಗುತ್ತಿದ್ದ ಚೆಂಡನ್ನು ಕವೊರು ಮಿತೋಮ ಕೊನೆಯ ಕ್ಷಣದಲ್ಲಿ ಒಳಕ್ಕೆ ಎಳೆದರು, ಆವೊ ತನಾಕ ಗೋಲು ಮಾಡಿದರು. ಪಕ್ಕದಿಂದ, ತಗ್ಗಿನಿಂದ ತೆಗೆದ ಚಿತ್ರಗಳಲ್ಲಿ ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಾಣುತ್ತಿತ್ತು. ಆದರೆ ಚೆಂಡು ಉರುಟಾದ ವಸ್ತು, ಅದರ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಅದು ನೆಲ ಮುಟ್ಟುವ ಬಿಂದು ಗೆರೆಯ ಹೊರ ಅಂಚಿನಿಂದ 10 ಸೆಂಟಿಮೀಟರ್ ಆಚೆಗಿದ್ದರೂ ಮೇಲಿನ ಉಬ್ಬು ಗೆರೆಯ ಮೇಲೆ ಚಾಚಿರಬಹುದು. ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರಷ್ಟೇ ಹೊರಗೆ ಎಂಬುದು ನಿಯಮ. ಗೆರೆಯ ನೇರಕ್ಕೆ, ಮೇಲಿನಿಂದ ನೋಡಿದಾಗ ಚೆಂಡಿನ ಅಂಚು ಇನ್ನೂ ಒಳಗಿತ್ತು. ಗೋಲು ಉಳಿಯಿತು, ಜಪಾನ್ 2–1ರಿಂದ ಗೆದ್ದಿತು, ಆ ಗುಂಪಿನಿಂದ ಜರ್ಮನಿ ಹೊರಬಿದ್ದಿತು. ಗೆರೆಯ ಪ್ರಶ್ನೆ ಬಂದಾಗಲೆಲ್ಲ "ಈ ಕ್ಯಾಮೆರಾ ಗೆರೆಯ ನೇರಕ್ಕಿದೆಯೇ?" ಎಂದು ಮೊದಲು ಕೇಳಿಕೊಳ್ಳಿ. ಇಲ್ಲವಾದರೆ ಆ ಚಿತ್ರವನ್ನು ಪಕ್ಕಕ್ಕಿಡಿ.

ಹ್ಯಾಂಡ್‌ಬಾಲ್ ಬಗ್ಗೆ: ಚೆಂಡು ಕೈಗೆ ತಗುಲಿದ ಮಾತ್ರಕ್ಕೆ ಅದು ಅಪರಾಧವಲ್ಲ. ಬೇಕೆಂದು ಮುಟ್ಟಿದನೇ, ಅಥವಾ ಆ ಹೊತ್ತಿನ ಚಲನೆಗೆ ಅಗತ್ಯವಿಲ್ಲದ ರೀತಿ ಕೈ ಚಾಚಿ ದೇಹವನ್ನು ಅಸಹಜವಾಗಿ ಹಿಗ್ಗಿಸಿದನೇ ಎಂದು ನೋಡಬೇಕು. ಚೆಂಡು ಕೈಗೆ ತಗುಲಿ ನೇರವಾಗಿ ಗೋಲಾದರೆ, ಅಥವಾ ತಗುಲಿದ ಮರುಕ್ಷಣವೇ ಅದೇ ಆಟಗಾರ ಗೋಲು ಹೊಡೆದರೆ, ಆಕಸ್ಮಿಕವಾದರೂ ಗೋಲು ಸಿಗದು. 2018ರ ವಿಶ್ವಕಪ್ ಫೈನಲ್‌ನಲ್ಲಿ ಕ್ರೊವೇಷ್ಯಾದ ಇವಾನ್ ಪೆರಿಸಿಚ್ ಕೈಗೆ ಚೆಂಡು ತಗುಲಿದಾಗ ರೆಫರಿ ನೆಸ್ಟರ್ ಪಿಟಾನ ಪರದೆ ನೋಡಿ ಹೊರಟವರು ಮತ್ತೆ ತಿರುಗಿ ಬಂದು ಇನ್ನೊಮ್ಮೆ ನೋಡಿದರು, ಆಮೇಲೆ ಪೆನಾಲ್ಟಿ ಕೊಟ್ಟರು. ಫ್ರಾನ್ಸ್‌ನ ಗ್ರೀಜ್‌ಮನ್ ಅದನ್ನು ಗೋಲಾಗಿಸಿದರು. ಎರಡನೇ ಸಲ ನೋಡಬೇಕಾದಷ್ಟು ಸಂಶಯ ಇದ್ದ ಮೇಲೆ ಅದು "ಎದ್ದು ಕಾಣುವ ತಪ್ಪು" ಹೇಗಾಯಿತು ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ವಿಶ್ವಕಪ್ ಫೈನಲ್‌ನಲ್ಲಿ ಅಂಥ ತೀರ್ಪಿನ ಹೊಣೆ ಹೊತ್ತವರು ಇನ್ನೊಮ್ಮೆ ನೋಡಿದ್ದನ್ನು ಮಾತ್ರ ನಾನು ತಪ್ಪೆನ್ನಲಾರೆ.

ಟ್ಯಾಕಲ್‌ಗೆ ಮೂರು ಮೆಟ್ಟಿಲು. ಅಜಾಗರೂಕತೆಯಾದರೆ ಫೌಲ್ ಮಾತ್ರ, ಎದುರಾಳಿಯ ಗತಿ ಏನೆಂದು ಲೆಕ್ಕಿಸದೆ ನುಗ್ಗಿದರೆ ಹಳದಿ, ಅತಿಯಾದ ಬಲ ಬಳಸಿ ಅಪಾಯ ಒಡ್ಡಿದರೆ ರೆಡ್. "ಚೆಂಡು ಮುಟ್ಟಿದನಲ್ಲ!" ಎಂಬ ವಾದ ಇಲ್ಲಿ ಯಾರನ್ನೂ ಕಾಪಾಡುವುದಿಲ್ಲ, ಚೆಂಡು ಮುಟ್ಟಿದ ಮೇಲೂ ಎದುರಾಳಿಯ ಮೊಣಕಾಲಿಗೆ ಬೂಟಿನ ಅಡಿ ಬಡಿದರೆ ರೆಡ್ ಕಾರ್ಡ್ ಬರಬಹುದು. ವೇಗ, ಎತ್ತರ, ಕಾಲು ನೆಟ್ಟಗೆ ಚಾಚಿತ್ತೇ ಮಡಚಿತ್ತೇ, ಬೂಟಿನ ಯಾವ ಭಾಗ ತಗುಲಿತು ಎಂಬ ನಾಲ್ಕನ್ನು ಗಮನಿಸಿ.

ಹೆಜ್ಜೆ 5: ಆಫ್‌ಸೈಡ್ ಗೆರೆಯನ್ನು ಓದುವುದು

ಮೊದಲು ಕ್ಷಣ, ಆಮೇಲೆ ಜಾಗ, ಕೊನೆಗೆ ಪಾತ್ರ. ಈ ಅನುಕ್ರಮ ತಪ್ಪಬೇಡಿ.

ಪಾಸ್ ಕೊಡುವವನ ಕಾಲು ಚೆಂಡಿಗೆ ಮೊದಲು ತಗುಲಿದ ಗಳಿಗೆಯೇ ಆ ಕ್ಷಣ. ಆ ಗಳಿಗೆಯಲ್ಲಿ ದಾಳಿಗಾರನ ತಲೆ, ಮುಂಡ ಅಥವಾ ಕಾಲಿನ ಯಾವುದೇ ಭಾಗ, ಚೆಂಡು ಮತ್ತು ಎದುರಾಳಿಯ ಕೊನೆಯಿಂದ ಎರಡನೇ ಆಟಗಾರ ಎರಡಕ್ಕಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಜಾಗ. ಅದೂ ಎದುರಾಳಿಯ ಅರ್ಧದಲ್ಲಿದ್ದರೆ ಮಾತ್ರ. ಕೈ ಲೆಕ್ಕಕ್ಕಿಲ್ಲ. ಕಂಕುಳಿನ ಕೆಳ ಅಂಚಿನ ಮಟ್ಟಕ್ಕೆ ಕೈ ಶುರುವಾಗುತ್ತದೆ, ಅದಕ್ಕಿಂತ ಮೇಲಿನ ಭುಜ ಲೆಕ್ಕಕ್ಕಿದೆ. ಪರದೆಯ ಮೇಲೆ ಭುಜದಿಂದ ಗೆರೆ ಇಳಿದಾಗ ಗಾಬರಿಯಾಗಬೇಕಿಲ್ಲ.

ವಿಡಿಯೊ ಚಿತ್ರದ ಮೇಲೆ ಕೈಯಿಂದ ಆಫ್‌ಸೈಡ್ ಗೆರೆ ಎಳೆಯುವ ಪದ್ಧತಿಯ ಮಿತಿಯನ್ನು ಸಣ್ಣ ಲೆಕ್ಕವೊಂದು ತಿಳಿಸುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ 50 ಚಿತ್ರಗಳಿದ್ದರೆ ಒಂದಕ್ಕೂ ಮುಂದಿನದಕ್ಕೂ 0.02 ಸೆಕೆಂಡಿನ ಅಂತರ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನು ಅಷ್ಟರಲ್ಲಿ 16 ಸೆಂಟಿಮೀಟರ್ ಸರಿದಿರುತ್ತಾನೆ. ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದರೆ ಇಬ್ಬರ ನಡುವಿನ ಅಂತರ 32 ಸೆಂಟಿಮೀಟರ್ ಬದಲಾಗುತ್ತದೆ. ಕಾಲು ಚೆಂಡಿಗೆ ತಗುಲಿದ ಗಳಿಗೆ ಎರಡು ಚಿತ್ರಗಳ ನಡುವೆ ಬಿದ್ದರೆ ಏನು ಮಾಡುವುದು? ಈ ಕಷ್ಟವನ್ನು ಕಡಿಮೆ ಮಾಡಲೆಂದೇ ಅರೆ ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಬಂತು. 2022ರ ಕತಾರ್ ವಿಶ್ವಕಪ್‌ನಲ್ಲಿ ಚಾವಣಿಯಡಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿತ್ತು. ಒದ್ದ ಗಳಿಗೆ ಹೀಗೆ ಹೆಚ್ಚು ನಿಖರವಾಗಿ ಸಿಗುತ್ತದೆ. ಆ ಟೂರ್ನಿಯ ಮೊದಲ ಪಂದ್ಯದಲ್ಲೇ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ಆಫ್‌ಸೈಡ್‌ನಿಂದ ರದ್ದಾಯಿತು. "ಅರೆ" ಎಂಬ ಪದ ಅಲ್ಲಿರುವುದಕ್ಕೂ ಕಾರಣವಿದೆ: ಯಂತ್ರ ಸೂಚಿಸಿದ್ದನ್ನು ವಿಡಿಯೊ ಕೊಠಡಿಯವರು ಒಮ್ಮೆ ಪರೀಕ್ಷಿಸಿದ ಮೇಲೆಯೇ ರೆಫರಿಗೆ ತಿಳಿಸುತ್ತಾರೆ.

ಇನ್ನು ಪಾತ್ರ. ಆಫ್‌ಸೈಡ್ ಜಾಗದಲ್ಲಿ ನಿಲ್ಲುವುದು ಅಪರಾಧವಲ್ಲ. ಚೆಂಡನ್ನು ಆಡಿದರೆ, ಎದುರಾಳಿಗೆ ಅಡ್ಡಿಯಾದರೆ, ಅಲ್ಲಿದ್ದುದರಿಂದ ಲಾಭ ಪಡೆದರೆ ಮಾತ್ರ ಸೀಟಿ. ಇದನ್ನು ಯಾವ ಸಂವೇದಕವೂ ತೀರ್ಮಾನಿಸಲಾರದು. ಗೆರೆ ಬೇಗ ಬಂದರೂ ತೀರ್ಪು ತಡವಾದರೆ, ಅವರು ಈ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಾರೆಂದು ತಿಳಿಯಿರಿ.

ಹೆಜ್ಜೆ 6: ಸನ್ನೆಗಳು

ರೆಫರಿ ಕಿವಿಗೆ ಬೆರಳಿಟ್ಟರೆ ಕೊಠಡಿಯಲ್ಲಿ ಪರಿಶೀಲನೆ ನಡೆಯುತ್ತಿದೆ. ಗಾಳಿಯಲ್ಲಿ ಚೌಕ ಬರೆದರೆ ಅಧಿಕೃತ ಮರುಪರಿಶೀಲನೆ. ಪರದೆಯತ್ತ ಹೋದ ಮಾತ್ರಕ್ಕೆ ತೀರ್ಪು ಬದಲಾಯಿತೆಂದಲ್ಲ. ಬದಲಾಗುವುದೇ ಹೆಚ್ಚು, ನಿಜ. ಆದರೆ ಕೊನೆಯ ಮಾತು ಮೈದಾನದ ರೆಫರಿಯದೇ. ಸಮಯದ ಮಿತಿಯೂ ಇಲ್ಲ. ವೇಗಕ್ಕಿಂತ ನಿಖರತೆ ಮುಖ್ಯ ಎಂದು ನಿಯಮ ಹೇಳುತ್ತದೆ. ಆಟಗಾರರು ಅತಿಯಾಗಿ ಆ ಚೌಕದ ಸನ್ನೆ ಮಾಡಿದರೆ, ಪರದೆಯ ಜಾಗಕ್ಕೆ ನುಗ್ಗಿದರೆ ಹಳದಿ ಕಾರ್ಡ್.

2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ತೀರ್ಪನ್ನು ಮೈಕಿನಲ್ಲಿ ಇಡೀ ಕ್ರೀಡಾಂಗಣಕ್ಕೆ ಹೇಳಿದರು. ಆಕ್ಲೆಂಡ್‌ನ ಉದ್ಘಾಟನಾ ಪಂದ್ಯದಲ್ಲಿ ಯೊಶಿಮಿ ಯಮಾಶಿತ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ ಎಂದು ಘೋಷಿಸಿದಾಗ, ಹಣ ಕೊಟ್ಟು ಒಳಗೆ ಕೂತವರಿಗೆ ಟಿವಿ ಪ್ರೇಕ್ಷಕರಷ್ಟೇ ಗೌರವ ಸಿಕ್ಕಿತು ಎಂದು ನನಗೆ ಅನ್ನಿಸಿತು. ಈ ಪದ್ಧತಿ ಎಲ್ಲ ಕಡೆ ಬರಬೇಕು.

ಹೆಜ್ಜೆ 7: ಆಟ ಮತ್ತೆ ಶುರುವಾಯಿತೇ?

ಚೆಂಡು ನಿಂತು ಆಟ ಮತ್ತೆ ಶುರುವಾದರೆ ಹಿಂದಿನ ತೀರ್ಪನ್ನು ಬದಲಿಸುವಂತಿಲ್ಲ. ಡಿಯಾಜ್ ಗೋಲು ಮರಳಿ ಬರದಿದ್ದುದು ಇದರಿಂದಲೇ. ತಪ್ಪು ವ್ಯಕ್ತಿಗೆ ಕಾರ್ಡ್ ಕೊಟ್ಟದ್ದು, ಹೊಡೆತ, ಕಚ್ಚುವುದು, ಉಗುಳುವುದು, ತೀರಾ ಅವಮಾನಕರ ಸನ್ನೆ ಇವಕ್ಕೆ ಮಾತ್ರ ವಿನಾಯಿತಿ.

ತಂತ್ರಜ್ಞಾನ ಕೈಕೊಟ್ಟರೂ ಪಂದ್ಯದ ಫಲಿತಾಂಶ ಅಸಿಂಧುವಾಗುವುದಿಲ್ಲ. 2020ರ ಜೂನ್ 17ರಂದು ಆ್ಯಸ್ಟನ್ ವಿಲ್ಲಾ–ಶೆಫೀಲ್ಡ್ ಯುನೈಟೆಡ್ ಪಂದ್ಯದಲ್ಲಿ ಗೋಲ್‌ಕೀಪರ್ ಚೆಂಡು ಹಿಡಿದು ಗೆರೆಯೊಳಕ್ಕೆ ಹೋದರೂ, ಗೋಲಾಯಿತೆಂದು ಸೂಚಿಸಬೇಕಾದ ರೆಫರಿಯ ಕೈಗಡಿಯಾರ ಸುಮ್ಮನಿತ್ತು. ಆಟಗಾರರೂ ಗೋಲುಕಂಬವೂ ಅಡ್ಡ ಬಂದು ಕ್ಯಾಮೆರಾಗಳಿಗೆ ಚೆಂಡು ಕಾಣದೆ ಹೋಗಿತ್ತು. ವ್ಯವಸ್ಥೆ ನಡೆಸುವ ಹಾಕ್-ಐ ಕ್ಷಮೆ ಕೇಳಿತು, 0–0 ಫಲಿತಾಂಶ ಹಾಗೆಯೇ ಉಳಿಯಿತು.

ವಿಎಆರ್ ಇಲ್ಲದ ಟೂರ್ನಿಗಳಲ್ಲಿ

ಪ್ರತ್ಯೇಕ ಕೊಠಡಿ, ತರಬೇತಾದ ವಿಡಿಯೊ ರೆಫರಿಗಳು, ಹತ್ತಾರು ಕ್ಯಾಮೆರಾ ಇವನ್ನೆಲ್ಲ ಎಲ್ಲ ಲೀಗ್‌ಗಳೂ ಹೊಂದಿಸಲಾರವು. ಅಂಥವರಿಗಾಗಿ ಫಿಫಾ ಫುಟ್‌ಬಾಲ್ ವಿಡಿಯೊ ಸಪೋರ್ಟ್ ಎಂಬ ಸರಳ ವಿಧಾನವನ್ನು ಪರೀಕ್ಷಿಸಿತು; 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಅದು ಬಳಕೆಯಾಯಿತು. ಇಲ್ಲಿ ವಿಎಆರ್ ಇರುವುದಿಲ್ಲ. ತಂಡದ ಕೋಚ್ ಕೇಳಿದರೆ ರೆಫರಿ ತಾವೇ ಪರದೆ ನೋಡಿ ತೀರ್ಮಾನಿಸುತ್ತಾರೆ. ಪ್ರತಿ ತಂಡಕ್ಕೆ ಎರಡು ಮನವಿ. ತೀರ್ಪು ಬದಲಾದರೆ ಮನವಿ ಕೈಯಲ್ಲೇ ಉಳಿಯುತ್ತದೆ. ಕ್ರಿಕೆಟ್ ನೋಡುವವರಿಗೆ ಡಿಆರ್‌ಎಸ್ ನೆನಪಾಗಬಹುದು. ಇಂಥ ಪಂದ್ಯ ನೋಡುವಾಗ ಮೇಲಿನ ಹೆಜ್ಜೆಗಳ ಜೊತೆಗೆ "ಕೋಚ್ ಬಳಿ ಮನವಿ ಉಳಿದಿದೆಯೇ?" ಎಂಬುದನ್ನೂ ಲೆಕ್ಕ ಇಡಿ.

ಒಂದು ಅಭ್ಯಾಸ

ರೆಕಾರ್ಡ್ ಮಾಡಿದ ಪಂದ್ಯವೊಂದನ್ನು ತೆಗೆದುಕೊಳ್ಳಿ, ಧ್ವನಿ ಆರಿಸಿ. ವೀಕ್ಷಕ ವಿವರಣೆಗಾರರ ಉದ್ಗಾರ ನಮ್ಮ ತೀರ್ಮಾನವನ್ನು ಬಹಳ ಎಳೆದಾಡುತ್ತದೆ. ಪೆನಾಲ್ಟಿ ಆವರಣದಲ್ಲಿ ಯಾರಾದರೂ ಬಿದ್ದ ತಕ್ಷಣ ವಿಡಿಯೊ ನಿಲ್ಲಿಸಿ, ರೀಪ್ಲೇ ನೋಡದೆ ಕಾಗದದ ಮೇಲೆ ಮೂರು ಸಂಗತಿ ಬರೆಯಿರಿ: ರೆಫರಿಯ ತೀರ್ಪು, ನಿಮ್ಮ ತೀರ್ಪು, ನಿಮ್ಮ ತೀರ್ಪಿನ ಬಗ್ಗೆ ನಿಮಗೆಷ್ಟು ಖಾತರಿ. ಬಳಿಕ ರೀಪ್ಲೇ ನೋಡಿ. ಹತ್ತು ಘಟನೆಗಳಾದ ಮೇಲೆ ಕಾಗದವನ್ನು ಮತ್ತೆ ಓದಿ. ಮೊದಲ ಸಲ ಇದನ್ನು ಮಾಡಿದಾಗ, ತುಂಬ ಖಾತರಿ ಎಂದು ನಾನು ಬರೆದಿದ್ದ ಎರಡು ಘಟನೆಗಳಲ್ಲಿ ಬಿದ್ದ ಆಟಗಾರನನ್ನು ಯಾರೂ ಮುಟ್ಟಿಯೇ ಇರಲಿಲ್ಲ.